ದೊಡ್ಡ ದೇಶಗಳಿಗೆ ಹೇಳೋರು ಕೇಳೋರು ಯಾರೂ ಇಲ್ವಾ?

ಪಿಬಿ ರೋಡ್ ಹುಡುಗ

ಎಲ್ರಿಗೂ ನಮಸ್ಕಾರ, ತಪ್ಪು ಜಾಗದಲ್ಲಿ ಕೇಳ್ತಿದ್ರೆ ಬೈಬೇಡಿ. ನಮ್ದು ದಾವಣಗೆರೆಲಿ ಸಣ್ಣ ಬಟ್ಟೆ ಅಂಗಡಿ, ರಾತ್ರಿ ಶಟರ್ ಎಳ್ದು ಮನೆಗೆ ಹೋಗೋಷ್ಟೊತ್ತಿಗೆ ಅಪ್ಪಾಜಿ ಟಿವಿ ಮುಂದೆ ಕೂತಿರ್ತಾರೆ, ಟಿವಿಲಿ ದಿನಾ ಅದೇ, ಒಂದ್ಕಡೆ ಉಕ್ರೇನ್ ಒಂದ್ಕಡೆ ಗಾಜಾ, ಕಟ್ಟಡ ಕುಸಿಯೋದು, ಮಕ್ಕಳನ್ನ ಎತ್ಕೊಂಡು ಓಡೋದು. ಅಪ್ಪಾಜಿ ಕಾಟನ್ ಮಿಲ್ಲಲ್ಲಿ ದುಡ್ದೋರು, ಯೂನಿಯನ್ನು, ಸ್ಟ್ರೈಕು, ಲೇಬರ್ ಕೋರ್ಟು ಎಲ್ಲಾ ಕಂಡೋರು. ಅವರ ತಲೇಲಿ ಏನು ಕೂತಿದೆ ಅಂದ್ರೆ, ಎಂಥಾ ದೊಡ್ಡೋನಾದ್ರೂ ಸರಿ ಅವನ ಮೇಲೆ ಅರ್ಜಿ ಕೊಡೋಕೆ ಎಲ್ಲೋ ಒಂದು ಜಾಗ ಇದ್ದೇ ಇರುತ್ತೆ ಅಂತ. ಮೊನ್ನೆ ಊಟಕ್ಕೆ ಕೂತಾಗ ಕೇಳೇಬಿಟ್ರು, "ಅಲ್ಲೋ, ಇವ್ರಿಗೆ ಹೇಳೋರು ಕೇಳೋರು ಯಾರೂ ಇಲ್ವೇನೋ? ಆ ವಿಶ್ವಸಂಸ್ಥೆ ಅಂತ ಐತಲ್ಲ, ಅವ್ರೇನು ಕತ್ತೆ ಕಾಯ್ತಾ ಕೂತಾರಾ?"

ನಾನು ಹೆಸರಿಗೆ ಪೊಲಿಟಿಕಲ್ ಸೈನ್ಸ್ ಓದಿದೀನಿ, ಹುಟ್ಟಿದ್ದು 1945 ಅಕ್ಟೋಬರ್ 24, ಈಗ 193 ದೇಶ, ಭದ್ರತಾ ಮಂಡಳಿಗೆ 15 ಸದಸ್ಯರು, ಐದು ದೇಶಕ್ಕೆ ವೀಟೋ (ಅದ್ರಲ್ಲಿ ಒಬ್ರು ಬೇಡ ಅಂದ್ರೂ ತೀರ್ಮಾನ ಬಿದ್ದುಹೋಗುತ್ತೆ) ಅಂತ ಬಾಯಿಪಾಠ ಒಪ್ಪಿಸ್ದೆ. "ಅದನ್ನ ಕೇಳ್ಲಿಲ್ಲ, ಕೆಲ್ಸ ಏನ್ ಮಾಡ್ತಾರೆ ಹೇಳು" ಅಂದ್ರು. ಬಾಯಿ ಕಟ್ಟಿಹೋಯ್ತು. ಗೊತ್ತಿರೋರು ಸ್ವಲ್ಪ ಹೇಳ್ರಿ, ಪರೀಕ್ಷೆ ಉತ್ತರ ಬೇಡ, ಮನೇಲಿ ಊಟದ ಹೊತ್ತಿಗೆ ಹೇಳೋ ಹಾಗೆ ಇರ್ಲಿ.

ಕೊನೇಭಾಗದ ರೈತ

ತಮ್ಮಾ ನಾನು ಓದಿದ್ದು ಎಸ್ಸೆಸ್ಸೆಲ್ಸಿ ಅಷ್ಟೇ, ಆದ್ರೂ ಈ ವಿಷ್ಯ ನನಗೆ ಅರ್ಥ ಆಗುತ್ತೆ ಯಾಕಂದ್ರೆ ನಮ್ಮ ಗದ್ದೆ ಇರೋದು ಭದ್ರಾ ನಾಲೆ ಕೊನೇ ಭಾಗದಾಗೆ. ಸಭೆ ಆಗುತ್ತೆ, ಇಷ್ಟು ದಿನ ನೀರು ಬಿಡ್ಬೇಕು ಇಷ್ಟು ದಿನ ನಿಲ್ಲಿಸ್ಬೇಕು ಅಂತ ತೀರ್ಮಾನ ಆಗುತ್ತೆ, ಪೇಪರ್ನಾಗೂ ಬರುತ್ತೆ. ತೂಬಿನ ಹತ್ರ ಒಬ್ಬ ಸೌಡಿ ಇರ್ತಾನೆ (ಬೇರೆ ಕಡೆ ನೀರುಗಂಟಿ ಅಂತಾರಲ್ಲ ಅವ್ನೇ). ಈಗ ಮೇಲ್ಭಾಗದಾಗೆ ಒಬ್ಬ ದೊಡ್ಡ ಕುಳ ನಾಲೆಗೇ ಪಂಪ್‌ಸೆಟ್ ಇಳಿಸಿ ನೀರೆತ್ತಿದ ಅನ್ಕೋ, ಸೌಡಿ ಏನ್ ಮಾಡ್ಬೇಕು? ಸಾಮಾನ್ಯ ರೈತನಾದ್ರೆ ಗದರಿಸಿ ಪೈಪ್ ಕೀಳಿಸ್ತಾನೆ. ದೊಡ್ಡ ಕುಳ ಆದ್ರೆ ಮೇಲಕ್ಕೆ ವರದಿ ಕಳಿಸ್ತಾನೆ. ವರದಿ ಓದೋ ಸಭೆಯಾಗೆ ಮುಂದಿನ ಕುರ್ಚಿ ಮೇಲೆ ಅದೇ ದೊಡ್ಡ ಕುಳ ಕೂತಿದ್ರೆ? ಅದೇನಪ್ಪಾ ನಿನ್ನ ವೀಟೋ ಅಂದ್ರೆ.

ಆದ್ರೆ ಒಂದ್ ಮಾತು, ಒಂದು ಸಲ ನಮ್ ಕಡೆ ಎರಡು ತಿಂಗ್ಳು ಸೌಡಿನೇ ಇರ್ಲಿಲ್ಲ. ಅಣ್ಣ ತಮ್ಮಂದಿರೇ ರಾತ್ರಿ ಟಾರ್ಚು ಗುದ್ದಲಿ ಹಿಡ್ಕೊಂಡು ಬದು ಕಾಯ್ತಿದ್ರು, ಒಬ್ಬನಿಗೆ ತಲೆಗೆ ಹನ್ನೊಂದು ಹೊಲಿಗೆ ಬಿತ್ತು. ಸೌಡಿ ಕೈಲಾಗದೋನು ಅಂತ ಬೈಯೋರೆಲ್ಲ ಆಗ ಅವನ್ನ ಹುಡುಕ್ಕೊಂಡು ಮನೆಗೆ ಹೋದ್ರು.

ದುರ್ಗದ ಕಲ್ಲು

ಯಜಮಾನ್ರೇ ಸೌಡಿ ಉದಾಹರಣೆ ಸಖತ್ತಾಗಿದೆ, ಆದ್ರೆ ಸೌಡಿ ಕಣ್ಣೆದುರಿಗೇ ಕೊಲೆ ಆದ್ರೆ ಏನಂತೀರ? 1994, ಆಫ್ರಿಕಾದ ರುವಾಂಡಾ, ಜನಾಂಗಹತ್ಯೆ. ಅಲ್ಲಿ ವಿಶ್ವಸಂಸ್ಥೆ ಪಡೆ ಸುಮಾರು ಎರಡೂವರೆ ಸಾವಿರ ಜನ ಆಗ್ಲೇ ಇದ್ರು. ಕಮಾಂಡರ್ ಕೆನಡಾದ ರೋಮಿಯೋ ಡಲ್ಲೇರ್, ಜನವರಿಯಲ್ಲೇ ನ್ಯೂಯಾರ್ಕಿಗೆ ಫ್ಯಾಕ್ಸ್ ಹಾಕಿದ್ದ, ಇಲ್ಲಿ ಆಯುಧ ಬಚ್ಚಿಟ್ಟಿದಾರೆ ನಾನು ಹೋಗಿ ಹಿಡೀತೀನಿ ಅಂತ, ಬೇಡ ಅಂದ್ರು. ಏಪ್ರಿಲ್‌ನಲ್ಲಿ ಕೊಲೆಗಳು ಶುರು ಆದ್ವು, ಬೆಲ್ಜಿಯಂ ಸೈನಿಕರು 10 ಜನ ಸತ್ರು, ಬೆಲ್ಜಿಯಂ ತನ್ನೋರನ್ನ ವಾಪಸ್ ಕರಸ್ಕೊಳ್ತು, ಆಗ ಭದ್ರತಾ ಮಂಡಳಿ ಏನ್ಮಾಡ್ತು ಗೊತ್ತಾ, ಪಡೆ ಹೆಚ್ಚಿಸೋ ಬದ್ಲು 270ಕ್ಕೆ ಇಳಿಸೋ ತೀರ್ಮಾನ ತಗೊಳ್ತು!! ನೂರು ದಿನದಲ್ಲಿ ಸುಮಾರು 8 ಲಕ್ಷ ಜನ ಹೋದ್ರು. ಮರುವರ್ಷ ಬೋಸ್ನಿಯಾದ ಸ್ರೆಬ್ರೆನಿತ್ಸಾ, ಅದನ್ನ ವಿಶ್ವಸಂಸ್ಥೆನೇ "ಸುರಕ್ಷಿತ ವಲಯ" ಅಂತ ಬೋರ್ಡ್ ಹಾಕಿತ್ತು, ಜನ ಅದನ್ನ ನಂಬ್ಕೊಂಡು ಬಂದು ಸೇರಿದ್ರು, 1995 ಜುಲೈನಲ್ಲಿ ಸರ್ಬ್ ಪಡೆಯೋರು 8,000ಕ್ಕೂ ಹೆಚ್ಚು ಗಂಡಸರು ಹುಡುಗರನ್ನ ಕೊಂದ್ರು. ವಿಶ್ವಸಂಸ್ಥೆ ಪಡೆಯ ಡಚ್ ಸೈನಿಕರು ಅಲ್ಲೇ ಇದ್ರು.

ಇನ್ನು ವೀಟೋ. 2022 ಫೆಬ್ರವರಿ 25, ಉಕ್ರೇನ್ ಬಗ್ಗೆ 11 ದೇಶ ಕೈ ಎತ್ತಿದ್ವು, ಆರೋಪಿ ರಷ್ಯಾನೇ ಬೇಡ ಅಂತು, ಮುಗೀತು ಕತೆ. (ನಮ್ಮ ಭಾರತ ತಟಸ್ಥ.) 2025 ಜೂನ್ 4, ಗಾಜಾ ಕದನವಿರಾಮಕ್ಕೆ 14 ದೇಶ ಹೂಂ ಅಂದ್ವು, ಅಮೆರಿಕ ಒಂದೇ ಊಹೂಂ ಅಂತು, ಅದೂ ಮುಗೀತು. ಇಂಥದ್ದಕ್ಕೆ ಅಪ್ಪಾಜಿ ಕೇಳಿದ್ದೇ ಸರಿ, ಕತ್ತೆ ಕಾಯ್ತಾ ಇದಾರೆ, ಅದೂ ಬೇರೆಯೋರ ಕತ್ತೆ.

ನೀಲಿ ಟೋಪಿ ಹಿರಿಯೂರು

ದುರ್ಗದೋರು ಬರ್ದಿದ್ದು ಸುಳ್ಳಲ್ಲ, ರುವಾಂಡಾ ಕತೆನ ನಮಗೆ ಟ್ರೈನಿಂಗಲ್ಲೇ ಹೇಳ್ತಾರೆ, ಹೀಗೆ ಆಗ್ಬಾರ್ದು ಅಂತ. ನಾನು ಫೌಜಲ್ಲಿದ್ದೆ, ಈಗ ರಿಟೈರ್ಡ್, ಹಿರಿಯೂರ ಹತ್ರ ದಾಳಿಂಬೆ ಹಾಕಿದೀನಿ. 2013-14ರಲ್ಲಿ ವಿಶ್ವಸಂಸ್ಥೆ ಶಾಂತಿಪಾಲನಾ ಪಡೆಯ ನೀಲಿ ಟೋಪಿ ಹಾಕ್ಕೊಂಡು ದಕ್ಷಿಣ ಸುಡಾನಿನ ಮಲಕಾಲ್‌ನಲ್ಲಿದ್ದೆ, ನೈಲ್ ನದಿ ದಡ. ಮಳೆ ಬಂದ್ರೆ ಅಲ್ಲಿ ಎರೆಮಣ್ಣು ನಮ್ಮ ಚಿತ್ರದುರ್ಗದ ಎರೆಗಿಂತ ಅತ್ತ, ಗಾಡಿ ಅಲ್ಲ ಕಾಲೂ ಬರಲ್ಲ.

ಡಿಸೆಂಬರ್‌ನಲ್ಲಿ ರಾಜಧಾನಿ ಜೂಬಾದಲ್ಲಿ ಹೊಡೆದಾಟ ಶುರು ಆಗಿ ವಾರದಲ್ಲಿ ನಮ್ಮಲ್ಲಿಗೂ ಬಂತು. ಜನ ಎಲ್ಲಿಗೆ ಓಡ್ತಾರೆ? ನಮ್ಮ ಬೇಸಿನ ಗೇಟಿಗೆ. ತಲೆ ಮೇಲೆ ಹಾಸಿಗೆ, ಬೆನ್ನಿಗೆ ಮಗು, ಕೈಲಿ ಪ್ಲಾಸ್ಟಿಕ್ ಕೊಡ. ಬೇಸು ಇದ್ದಿದ್ದು ನಮಗೆ ಅಂತ, ನೀರಿನ ಲೆಕ್ಕ ನಮಗೆ ಅಂತ, ಕಕ್ಕಸು ನಮಗೆ ಅಂತ. ಗೇಟು ತೆಗೀರಿ ಅಂತ ಆರ್ಡರ್ ಬಂತು, ತೆಗೆದ್ವಿ. ಕೆಲವೇ ದಿನದಲ್ಲಿ ಹತ್ತು ಸಾವಿರ ದಾಟ್ತು. ಆಮೇಲೆ ನಾವು ಮಾಡಿದ್ದೇನು ಅಂದ್ರೆ ಯುದ್ಧ ಅಲ್ಲ, ಗುಂಡಿ ತೋಡೋದು, ಟ್ಯಾಂಕರ್ ಓಡಿಸೋದು, ಬೇಲಿ ಸುತ್ತ ರಾತ್ರಿ ಗಸ್ತು, ಒಳಗೆ ಎರಡು ಬಣದೋರು ಬಡಿದಾಡದ ಹಾಗೆ ನೋಡೋದು. ಅದೇ ತಿಂಗಳು 19ಕ್ಕೆ ಅಕೋಬೋ ಅನ್ನೋ ಸಣ್ಣ ಪೋಸ್ಟಿಗೆ ಸಾವಿರಾರು ಜನ ಹಥಿಯಾರ್ ಹಿಡ್ಕೊಂಡು ನುಗ್ಗಿದ್ರು, ಒಳಗೆ ಆಸರೆ ಪಡೆದಿದ್ದ ಜನಕ್ಕೋಸ್ಕರ. ನಮ್ಮೋರು ಇಬ್ರು ಹೋದ್ರು. ಅದಕ್ಕೂ ಮುಂಚೆ ಏಪ್ರಿಲ್‌ನಲ್ಲಿ ಐದು ಜನ.

ಇನ್ನು ವ್ಯವಸ್ಥೆ ಹೇಗೆ ಅಂದ್ರೆ ವಿಶ್ವಸಂಸ್ಥೆಗೆ ಸ್ವಂತ ಸೈನ್ಯ ಒಬ್ಬನೂ ಇಲ್ಲ. ಎಲ್ಲಾ ಕೈಗಡ. ಭದ್ರತಾ ಮಂಡಳಿ ಒಂದು ಮ್ಯಾಂಡೇಟ್ ಬರೆಯುತ್ತೆ, ನೀವು ಇಷ್ಟು ಮಾಡ್ಬಹುದು ಇಷ್ಟು ಮಾಡಂಗಿಲ್ಲ ಅಂತ, ಆಮೇಲೆ ದೇಶಗಳು ಜನ ಕೊಡ್ತವೆ, ತಲೆಗೆ ತಿಂಗಳಿಗೆ 1,400 ಡಾಲರ್ ಚಿಲ್ರೆ ಸರ್ಕಾರಕ್ಕೆ ವಾಪಸ್ ಕೊಡ್ತಾರೆ. ಶಾಂತಿಪಾಲನೆ ಅನ್ನೋ ಪದಾನೇ ವಿಶ್ವಸಂಸ್ಥೆ ಸನದಿನಲ್ಲಿಲ್ಲ (ಸನದು ಅಂದ್ರೆ ಅದರ ಮೂಲ ಕಾನೂನು)! ಅಲ್ಲಿ 6ನೇ ಅಧ್ಯಾಯ ಮಾತುಕತೆ, 7ನೇ ಅಧ್ಯಾಯ ಬಲಪ್ರಯೋಗ, ಇದು ಎರಡರ ಮಧ್ಯೆ ಹುಟ್ಟಿದ್ದು, ಅದಕ್ಕೆ "ಆರೂವರೆ ಅಧ್ಯಾಯ" ಅಂತಾರೆ. ಎರಡೂ ಕಡೆಯೋರು ಒಪ್ಪಿದ್ಮೇಲೆ ಮಧ್ಯೆ ನಿಲ್ಲೋ ಕೆಲ್ಸ ಇದು. ಒಪ್ಪದೆ ಇರೋ ಯುದ್ಧಕ್ಕೆ ನುಗ್ಗಿ ಬಿಡಿಸ್ತಾರೆ ಅನ್ಕೊಂಡ್ರೆ ಅದು ನಮ್ಮ ಕೆಲ್ಸಾನೇ ಅಲ್ಲ, ಅದಕ್ಕೆ ಉಕ್ರೇನಲ್ಲಿ ನೀಲಿ ಟೋಪಿ ಕಾಣಲ್ಲ ನಿಮಗೆ.

ಭಾರತ ಇಲ್ಲಿವರೆಗೆ 2.9 ಲಕ್ಷ ಜನಾನ ಕಳಿಸಿದೆ, ಸುಮಾರು 180 ಜನ ವಾಪಸ್ ಬರ್ಲಿಲ್ಲ, ಅಷ್ಟು ಬೇರೆ ಯಾವ ದೇಶದೋರೂ ಸತ್ತಿಲ್ಲ. ನಮ್ಮ ಕೊಡಗಿನ ಜನರಲ್ ತಿಮ್ಮಯ್ಯ ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆ ಪಡೆಗೆ ಕಮಾಂಡರ್ ಆಗಿದ್ದಾಗಲೇ 1965ರಲ್ಲಿ ತೀರ್ಕೊಂಡಿದ್ದು, ಸೈಪ್ರಸ್‌ನೋರು ಅವರ ಸ್ಟ್ಯಾಂಪೇ ತಂದ್ರು.

ದುರ್ಗದ ಕಲ್ಲು

ಸರ್ ನಿಮಗೆ ಸೆಲ್ಯೂಟ್, ನಿಮ್ಮ ಮೇಲೆ ಅಲ್ಲ ನನ್ನ ಸಿಟ್ಟು. ಆದ್ರೆ ಅದೇ ಸೈಪ್ರಸ್‌ನಲ್ಲಿ 1964ರಿಂದ ಇವತ್ತಿನವರೆಗೆ ನಿಂತೇ ಇದಾರಲ್ಲ, ಅರವತ್ತು ವರ್ಷದ ಮೇಲಾಯ್ತು, ಇದು ಶಾಂತಿನಾ ಅಥವಾ ಕೇಸ್ ಮುಂದೂಡೋದಾ?

ನೀಲಿ ಟೋಪಿ ಹಿರಿಯೂರು

ಮುಂದೂಡೋದೇ. 1974ರಲ್ಲಿ ಟರ್ಕಿ ಬಂದಾಗ ತಡೆಯೋಕೂ ಆಗ್ಲಿಲ್ಲ. ಆಮೇಲೆ ಮಾತ್ರ ದೊಡ್ಡ ಯುದ್ಧ ಆಗಿಲ್ಲ. ಮುಗಿಸಿ ಗಂಟುಮೂಟೆ ಕಟ್ಕೊಂಡು ಬಂದಿದ್ದೂ ಇವೆ, ನಮೀಬಿಯಾ 1990, ಮೊಜಾಂಬಿಕ್ 1994, ಸಿಯೆರಾ ಲಿಯೋನ್ 2005, ಲೈಬೀರಿಯಾ 2018. ಲೈಬೀರಿಯಾಕ್ಕೆ ನಮ್ಮ ಸಿಆರ್‌ಪಿಎಫ್ ಹೆಣ್ಮಕ್ಕಳ ತುಕಡಿ 2007ರಲ್ಲಿ ಹೋಗಿತ್ತು, ವಿಶ್ವಸಂಸ್ಥೆ ಶಾಂತಿಪಾಲನೆಲಿ ಮೊದಲ ಪೂರ್ತಿ ಮಹಿಳಾ ಪೊಲೀಸ್ ತುಕಡಿ. ಯುದ್ಧ ನಿಂತ ಊರಿಗೆ ಕ್ಯಾಮೆರಾ ಬರಲ್ಲ ತಮ್ಮಾ.

ಚಳ್ಳಕೆರೆ ಎಣ್ಣೆ

ನಾನು ಎಣ್ಣೆ ವ್ಯಾಪಾರದೋನು ಗುರು, ನನ್ ಕತೆ ಕೇಳಿ. 2022 ಮಾರ್ಚ್‌ನಲ್ಲಿ ಸೂರ್ಯಕಾಂತಿ ಎಣ್ಣೆ ರೇಟ್ ಬೆಳಿಗ್ಗೆ ಒಂದು ಸಂಜೆ ಒಂದು, ನಮ್ ದೇಶಕ್ಕೆ ಆ ಎಣ್ಣೆ ಬರ್ತಿದ್ದಿದ್ದೇ ಜಾಸ್ತಿ ಉಕ್ರೇನಿಂದ, ಅಲ್ಲಿ ಬಂದರು ಬಂದ್. ಚಳ್ಳಕೆರೆ ಅಂದ್ರೆ ಕಡ್ಲೆಕಾಯಿ ಎಣ್ಣೆ, ನಮಗೇನು ಅಂತ ಅನ್ಕೊಬೇಡಿ, ಒಂದು ಎಣ್ಣೆ ಏರಿದ್ರೆ ಎಲ್ಲಾ ಎಣ್ಣೆ ಏರುತ್ತೆ, ಮಿರ್ಚಿ ಅಂಗಡಿಯೋನು ಬಂದು ನನ್ನ ಮುಖ ನೋಡ್ತಿದ್ದ ಏನೋ ನಾನೇ ಬಾಂಬ್ ಹಾಕ್ದಂಗೆ. ಆಮೇಲೆ ಜುಲೈ 22ಕ್ಕೆ ಇಸ್ತಾಂಬುಲ್‌ನಲ್ಲಿ ವಿಶ್ವಸಂಸ್ಥೆ, ಟರ್ಕಿ ಸೇರ್ಕೊಂಡು ರಷ್ಯಾ ಉಕ್ರೇನ್ ಎರಡರ ಹತ್ರನೂ ಸಹಿ ಹಾಕಿಸಿದ್ರು, ಯುದ್ಧ ನೀವು ಮಾಡ್ಕೊಳ್ಳಿ ಆದ್ರೆ ಕಾಳು ಎಣ್ಣೆ ಹಡಗು ಬಿಡಿ ಅಂತ. ಹಡಗು ಹೋಗ್ತಾ ಬರ್ತಾ ಇಸ್ತಾಂಬುಲ್‌ನಲ್ಲಿ ನಾಲ್ಕು ಕಡೆಯೋರೂ ಕೂತು ಚೆಕ್ ಮಾಡೋರು. ಒಂದು ವರ್ಷದಲ್ಲಿ ಸುಮಾರು 3.3 ಕೋಟಿ ಟನ್ ಕಾಳುಕಡಿ ಆಚೆ ಬಂತು. 2023 ಜುಲೈಗೆ ರಷ್ಯಾ ಹೊರಗೆ ಹೋಯ್ತು ಬಿಡಿ. ಗಲಾಟೆ ನಿಲ್ಲಿಸೋಕೆ ಆಗ್ಲಿಲ್ಲ ಅಂತ ಸಂತೆನೂ ನಿಲ್ಲಿಸ್ಬೇಕಾ.

ಕರಿಕೋಟು

ಕೋರ್ಟ್ ಮುಗಿಸಿ ಈಗ ಬಂದೆ, ಬರೆಯೋದು ಸ್ವಲ್ಪ ಉದ್ದ ಆಗುತ್ತೆ ಕ್ಷಮಿಸಿ, ವಕೀಲರ ಚಾಳಿ.

ಮೊದಲು ಒಂದು ಗೊಂದಲ ಬಗೆಹರಿಸ್ತೀನಿ. ನಮ್ಮೂರಲ್ಲಿ ಐಸಿಸಿ ಅಂದ್ರೆ ಒಬ್ಬರಿಗೆ ಕ್ರಿಕೆಟ್ಟು, ಕೊನೇಭಾಗದ ಯಜಮಾನ್ರಿಗೆ ಭದ್ರಾ ನೀರಾವರಿ ಸಲಹಾ ಸಮಿತಿ. ನೆದರ್ಲೆಂಡ್ಸ್‌ನ ಹೇಗ್ ಪಟ್ಟಣದಲ್ಲಿ ಒಂದು ಐಸಿಸಿ (ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ) ಇದೆ, ಅದೇ ಊರಲ್ಲಿ ಐಸಿಜೆ (ವಿಶ್ವಸಂಸ್ಥೆಯ ಅಂತರರಾಷ್ಟ್ರೀಯ ನ್ಯಾಯಾಲಯ) ಅಂತ ಇನ್ನೊಂದು. ಐಸಿಜೆ ದೇಶದ ಮೇಲೆ ದೇಶ ಹಾಕೋ ಸಿವಿಲ್ ಕೇಸ್ ಥರ. ಪಾಕಿಸ್ತಾನ ಹಿಡಿದಿಟ್ಟ ಕುಲಭೂಷಣ್ ಜಾಧವ್ ವಿಷಯದಲ್ಲಿ 2019ರಲ್ಲಿ 15-1ರಲ್ಲಿ ನಮ್ಮ ಪರ ಬಂತಲ್ಲ, ಅದು. ಐಸಿಸಿ ಅಂದ್ರೆ ಕ್ರಿಮಿನಲ್, ವ್ಯಕ್ತಿ ಮೇಲೆ ಕೇಸು. ಪುಟಿನ್ ಮೇಲೆ 2023ರಲ್ಲಿ, ನೆತನ್ಯಾಹು ಮೇಲೆ 2024ರಲ್ಲಿ ವಾರಂಟ್ ಆಗಿದೆ. ವಾರಂಟ್ ಇದೆ, ಪೊಲೀಸ್ ಇಲ್ಲ. ಪುಟಿನ್ ಸದಸ್ಯ ದೇಶ ಮಂಗೋಲಿಯಾಕ್ಕೇ ಹೋಗಿ ಊಟ ಮಾಡ್ಕೊಂಡು ಬಂದ್ರು. ಭಾರತ, ಅಮೆರಿಕ, ಚೀನಾ, ರಷ್ಯಾ ಯಾರೂ ಆ ಕೋರ್ಟಿಗೆ ಸೇರಿಲ್ಲ.

ವೀಟೋ ಯಾಕೆ ಇಟ್ರು ಅನ್ನೋದನ್ನ ಯಾರೂ ಹೇಳ್ಲಿಲ್ಲ. ಇದಕ್ಕಿಂತ ಮುಂಚೆ 1920ರಲ್ಲಿ ರಾಷ್ಟ್ರಸಂಘ ಅಂತ ಇತ್ತು, ಅಮೆರಿಕ ಸೇರಲೇ ಇಲ್ಲ, ಜಪಾನ್ ಜರ್ಮನಿ 1933ರಲ್ಲಿ ಎದ್ದು ಹೋದ್ವು, ಇಟಲಿ 1937ರಲ್ಲಿ. ದೊಡ್ಡೋರು ಮುನಿಸ್ಕೊಂಡು ಹೋದ ಪಂಚಾಯ್ತಿ ಕಟ್ಟೆ ಮೇಲೆ ಉಳಿದೋರು ಏನು ತೀರ್ಪು ಕೊಟ್ರೆ ಏನು? ಅದಕ್ಕೆ 1945ರಲ್ಲಿ ದೊಡ್ಡೋರನ್ನ ಒಳಗೇ ಕಟ್ಟಿಹಾಕೋಕೆ ಕೊಟ್ಟ ಲಂಚ ಇದು ಅಂತ ನನ್ನ ಅಭಿಪ್ರಾಯ. 1950ರಲ್ಲಿ ರಷ್ಯಾದೋರು ಸಿಟ್ಟಿನಿಂದ ಸಭೆಗೇ ಬರ್ತಿರಲಿಲ್ಲ, ಅಷ್ಟೊತ್ತಿಗೆ ಕೊರಿಯಾ ಯುದ್ಧ ಶುರುವಾಯ್ತು, ವೀಟೋ ಹಾಕೋರಿಲ್ಲ, ನಿರ್ಣಯ ಪಾಸ್! ಆ ಜೂನ್ ತಿಂಗಳು ಭದ್ರತಾ ಮಂಡಳಿ ಅಧ್ಯಕ್ಷ ಕುರ್ಚಿಲಿ ಕೂತಿದ್ದೋರು ಮಂಗಳೂರಿನ ಬೆನಗಲ್ ನರಸಿಂಗ ರಾವ್, ನಮ್ಮ ಸಂವಿಧಾನದ ಕೆಲಸ ಮಾಡಿದ್ರಲ್ಲ ಅವರೇ. ರಷ್ಯಾ ಆಮೇಲೆ ಯಾವತ್ತೂ ಅಂಥಾ ತಪ್ಪು ಮಾಡ್ಲಿಲ್ಲ.

ಕಲ್ಲಣ್ಣ (ದುರ್ಗದ ಕಲ್ಲು ಅವರಿಗೆ), ನಿಮ್ಮ ಕಡೆಗೆ ನಾನೇ ಇನ್ನೊಂದು ಪಾಯಿಂಟ್ ಕೊಡ್ತೀನಿ. 1986ರಲ್ಲಿ ನಿಕರಾಗುವಾ ಅನ್ನೋ ಪುಟ್ಟ ದೇಶ ಐಸಿಜೆಯಲ್ಲಿ ಅಮೆರಿಕದ ವಿರುದ್ಧ ಗೆಲ್ತು. ಅಮೆರಿಕ ಕೇಳ್ಲಿಲ್ಲ. ತೀರ್ಪು ಜಾರಿ ಮಾಡಿಸಿ ಅಂತ ಭದ್ರತಾ ಮಂಡಳಿಗೆ ಹೋದ್ರು, ಅಮೆರಿಕ ವೀಟೋ ಹಾಕ್ತು. ಆದ್ರೆ ನೈಜೀರಿಯಾ ನೋಡಿ, ಎಣ್ಣೆ ಇರೋ ಬಕಾಸ್ಸಿ ಅನ್ನೋ ಜಾಗ ಕ್ಯಾಮರೂನ್‌ಗೆ ಸೇರ್ಬೇಕು ಅಂತ 2002ರಲ್ಲಿ ತೀರ್ಪು ಬಂತು, ಸಿಡಿಮಿಡಿ ಮಾಡ್ತು, ಆಗಿನ ವಿಶ್ವಸಂಸ್ಥೆ ಪ್ರಧಾನ ಕಾರ್ಯದರ್ಶಿ ಕೋಫಿ ಅನ್ನಾನ್ ಇಬ್ರನ್ನೂ ಕೂರಿಸಿ ಮಾತಾಡಿಸಿದ್ರು, 2006ರಲ್ಲಿ ಸೈನ್ಯ ವಾಪಸ್ ತಗೊಳ್ತು. ನಾವೂ ಅಷ್ಟೇ, ಬಂಗಾಳಕೊಲ್ಲಿ ಗಡಿ ವ್ಯಾಜ್ಯದಲ್ಲಿ 2014ರಲ್ಲಿ ಅಂತರರಾಷ್ಟ್ರೀಯ ಪಂಚಾಯ್ತಿ ಜಾಸ್ತಿ ಭಾಗ ಬಾಂಗ್ಲಾಕ್ಕೆ ಕೊಟ್ಟಿತು, ಸುಮಾರು 25,600 ಚದರ ಕಿಲೋಮೀಟರಲ್ಲಿ 19,400ರ ಮೇಲೆ. ಭಾರತ ಒಪ್ಕೊಳ್ತು. ಯಾವ ಚಾನೆಲ್ಲೂ ಅರ್ಧ ಗಂಟೆ ಕಿರುಚಾಡಲಿಲ್ಲ.

ಮಾನವ ಹಕ್ಕಿನ ವಿಷ್ಯಕ್ಕೆ ಬಂದ್ರೆ ಅಲ್ಲಿ ಕೆಲಸ ನಡೆಯೋದು ಹೊಲಿಗೆ ಮಿಷಿನ್ ಥರ, ಸದ್ದು ಕಮ್ಮಿ. 1948 ಡಿಸೆಂಬರ್ 10ಕ್ಕೆ ಮಾನವ ಹಕ್ಕುಗಳ ಘೋಷಣೆ ಆಯ್ತಲ್ಲ, ಅದರ ಕರಡಿನ ಮೊದಲ ವಿಧಿಲಿ "ಎಲ್ಲ ಪುರುಷರೂ" ಅನ್ನೋ ಅರ್ಥ ಬರೋ ಪದ ಇತ್ತು, ಅದನ್ನ "ಎಲ್ಲ ಮಾನವರೂ" ಅಂತ ಬದಲಾಯಿಸಬೇಕು ಅಂತ ಹಟ ಹಿಡಿದೋರು ನಮ್ಮ ದೇಶದ ಪ್ರತಿನಿಧಿ ಹಂಸಾ ಮೆಹ್ತಾ. ಆಮೇಲೆ ಮಹಿಳೆಯರ ತಾರತಮ್ಯದ ವಿರುದ್ಧ ಒಪ್ಪಂದ, ಭಾರತ 1993ರಲ್ಲಿ ಅನುಮೋದಿಸ್ತು. ಆಗ ಯಾರೂ ಅದನ್ನ ಓದಲೂ ಇಲ್ಲ. 1997ರಲ್ಲಿ ವಿಶಾಖಾ ಕೇಸಲ್ಲಿ ಸುಪ್ರೀಂ ಕೋರ್ಟು, ನಮ್ಮಲ್ಲಿ ಕೆಲಸದ ಜಾಗದ ಕಿರುಕುಳಕ್ಕೆ ಕಾನೂನಿಲ್ಲ ಆದ್ರೆ ಈ ಒಪ್ಪಂದಕ್ಕೆ ಸಹಿ ಹಾಕಿದೀರಲ್ಲ ಅಂತ ಅದನ್ನೇ ಹಿಡ್ಕೊಂಡು ನಿಯಮ ಬರೆದ್ರು, 2013ರಲ್ಲಿ ಕಾಯ್ದೆ ಆಯ್ತು. ಇವತ್ತು ಹತ್ತು ಜನ ಕೆಲಸ ಮಾಡೋ ಕಡೆಯೆಲ್ಲ ಆಂತರಿಕ ದೂರು ಸಮಿತಿ ಇರ್ಬೇಕು, ಅದರ ಬೇರು ಜಿನೀವಾ ನ್ಯೂಯಾರ್ಕ್ ಕಡೆ ಹೋಗುತ್ತೆ. (ಅದಕ್ಕೂ ಐಸಿಸಿ ಅಂತಾರೆ, ಏನ್ ಮಾಡೋದು.) ಬೆಂಗಳೂರಲ್ಲಿರೋ ರಾಜ್ಯ ಮಾನವ ಹಕ್ಕುಗಳ ಆಯೋಗ ಕೂಡ 1993ರ ಮಾನವ ಹಕ್ಕು ಸಂರಕ್ಷಣಾ ಕಾಯ್ದೆಯಿಂದ ಬಂದಿದ್ದು, ಫೀಸಿಲ್ಲ, ವಕೀಲ ಬೇಡ, ಕನ್ನಡದಲ್ಲೇ ಬರೀರಿ, ಘಟನೆ ಆಗಿ ಒಂದು ವರ್ಷದೊಳಗೆ ಇರ್ಬೇಕು. ಅದೂ ಶಿಫಾರಸು ಅಷ್ಟೇ ಮಾಡೋದು, ಹಲ್ಲು ಅಲ್ಲೂ ಕಮ್ಮಿ.

ಕೊನೆಗೆ ಅಪ್ಪಾಜಿಗೆ ಅಂತ ಒಂದು. ಮಿಲ್ಲಲ್ಲಿ ಎಂಟು ತಾಸಿನ ಪಾಳಿ ಮಾಡಿದಾರಲ್ಲ? 1919ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ (ಈಗ ಅದು ವಿಶ್ವಸಂಸ್ಥೆ ಬಳಗದ್ದೇ) ಹುಟ್ಟಿದ ವರ್ಷವೇ ಮಾಡಿದ ಮೊಟ್ಟಮೊದಲ ಒಪ್ಪಂದ ಅದೇ, ದಿನಕ್ಕೆ 8, ವಾರಕ್ಕೆ 48 ತಾಸು. ಅಲ್ಲಿ ಸರ್ಕಾರ, ಮಾಲೀಕರು, ಕಾರ್ಮಿಕರು ಮೂರು ಜನಕ್ಕೂ ವೋಟು. ಬ್ರಿಟಿಷ್ ಇಂಡಿಯಾಕ್ಕೆ ಮಾತ್ರ ರಿಯಾಯ್ತಿ ಅಂತ 60 ತಾಸು ಇಟ್ರು, ನಮಗೆ 48 ಸಿಕ್ಕಿದ್ದು 1946ರಲ್ಲಿ ಕಾರ್ಖಾನೆ ಕಾಯ್ದೆ ತಿದ್ದಿದಾಗ.

ಪಿಬಿ ರೋಡ್ ಹುಡುಗ

ವಕೀಲ್ ಸಾಹೇಬ್ರೇ ನಮ್ಮನೇಲಿ ಬೆಂಕಿ ಹಚ್ಚಿಬಿಟ್ರಿ. ಎಲ್ಲಾ ಓದಿ ಹೇಳ್ದೆ, ಮಲಕಾಲ್ ಗೇಟಿನ ಕತೆಗೆ ಅಮ್ಮ ಅತ್ತೇಬಿಟ್ರು, ಅಪ್ಪಾಜಿ ಸೌಡಿ ವಿಷ್ಯಕ್ಕೆ ತಲೆ ಅಲ್ಲಾಡಿಸಿದ್ರು. ಆದ್ರೆ 60 ತಾಸು ಅಂದಿದ್ದೇ ತಡ "ನಮಗ್ಯಾಕೆ ಅರವತ್ತು? ನಮ್ಮ ಕೈ ಏನು ಕಬ್ಬಿಣದ್ದಾ?" ಅಂತ ಶುರು ಆದ್ರು, ಈಗ ರಾತ್ರಿ ಹನ್ನೊಂದು ಗಂಟೆ, 1919ರ ಬ್ರಿಟಿಷರಿಗೆ ನಮ್ಮ ಹಾಲಲ್ಲಿ ಬೈಗುಳ ನಡೀತಿದೆ. ನಮ್ಮ ಕಡೆಯಿಂದ ಅಲ್ಲಿಗೆ ಹೋಗಿದ್ದೋನು ಯಾರು, ಅವನೇನು ಬಾಯಿ ಮುಚ್ಕೊಂಡು ಕೂತಿದ್ನಾ ಕೇಳು ಅಂತಿದಾರೆ.

ಕರಿಕೋಟು

ಹಹ. ಕಾರ್ಮಿಕರ ಪರ ಹೋಗಿದ್ದು ಎನ್. ಎಂ. ಜೋಶಿ ಅಂತ, ಆದ್ರೆ ಅವರನ್ನ ಆರಿಸಿದ್ದು ಸರ್ಕಾರ. ಇದು ಆಗಲ್ಲ, ನಮ್ಮ ಪ್ರತಿನಿಧಿನ ನಾವೇ ಆರಿಸ್ಬೇಕು, ಅದಕ್ಕೆ ದೇಶಕ್ಕೆಲ್ಲ ಒಂದು ಸಂಘಟನೆ ಬೇಕು ಅನ್ನೋದೂ ಒಂದು ಕಾರಣ ಆಗಿ 1920ರಲ್ಲಿ ಮುಂಬೈನಲ್ಲಿ ಎಐಟಿಯುಸಿ ಕಟ್ಟಿದ್ರು. ದಾವಣಗೆರೆ ಮಿಲ್ಲಲ್ಲಿ ಇದ್ದೋರಿಗೆ ಆ ಹೆಸರು ನಾನು ಹೇಳ್ಬೇಕಾ.

ಪಿಬಿ ರೋಡ್ ಹುಡುಗ

ಅದನ್ನ ಓದಿ ಹೇಳಿದ್ಮೇಲೆ ಸುಮ್ನಾದ್ರು. ಟಿವಿ ಆಫ್ ಮಾಡಿ, ಅಟ್ಟದ ಮೇಲಿಂದ ಟ್ರಂಕು ಇಳಿಸ್ಕೊಡು ಅಂತ ಎಬ್ಬಿಸಿದ್ರು, ಈಗ ಕೆಂಪು ಬಣ್ಣದ ಹಳೇ ಮೆಂಬರ್‌ಶಿಪ್ ರಸೀದಿ ಹುಡುಕ್ತಾ ಕೂತಿದಾರೆ, ಕನ್ನಡಕ ಎಲ್ಲಿಟ್ಟೆ ಅಂತ ಅಮ್ಮನ್ನ ಕೂಗ್ತಿದಾರೆ. ಸಿಕ್ರೆ ನಾಳೆ ಫೋಟೋ ಹಾಕ್ತೀನಿ.